ರೀಲಿನಿಂದ ರೀಲ್ಸ್‌ವರೆಗೆ: ಹದಿಹರೆಯದ ಮನಸ್ಸೂ ಹಿರಿಯರ ಭಯವೂ



ಕಳೆದ ಕೆಲವು ತಿಂಗಳುಗಳಿಂದ ನಿಮ್ಮಲ್ಲಿ ಹಲವರು ಬೇರೆ ಬೇರೆ ಮಾತುಗಳಲ್ಲಿ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದೀರಿ. "ಸರ್, ಮಗಳು ಎಂಟನೆಯ ತರಗತಿ. ಪುಸ್ತಕ ಹಿಡಿದರೆ ಹತ್ತು ನಿಮಿಷ ಕೂರುವುದಿಲ್ಲ, ಮೊಬೈಲು ಹಿಡಿದರೆ ಎರಡು ಗಂಟೆ ಏಳುವುದಿಲ್ಲ" ಎಂದು ಹಳೆಯ ವಿದ್ಯಾರ್ಥಿಯೊಬ್ಬರ ಅಳಲು. "ಮಾವ, ನಮ್ಮ ಹುಡುಗನ ಮಾತು, ನಗು, ತಲೆಗೂದಲು ಎಲ್ಲವೂ ರೀಲ್ಸ್‌ನಿಂದಲೇ ಬಂದದ್ದು" ಎಂದು ಬಂಧುವೊಬ್ಬರ ಬೇಸರ. ನಾನು ಮನೋವಿಜ್ಞಾನಿಯಲ್ಲ, ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದ ಮೇಷ್ಟ್ರು. ಇತಿಹಾಸ ಪಾಠ ಹೇಳಿದವನಿಗೆ ಯಾವ ಪ್ರಶ್ನೆ ಎದುರಾದರೂ "ಇಂಥದ್ದು ಹಿಂದೆ ಎಂದಾದರೂ ನಡೆದಿತ್ತೇ?" ಎಂದು ಹಿಂದಿರುಗಿ ನೋಡುವ ಚಾಳಿ ಇರುತ್ತದೆ. ಹಾಗೆ ನೋಡಿದಾಗ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ತುಸು ದೀರ್ಘವಾಗಿದೆ, ತಾಳ್ಮೆಯಿಂದ ಓದಬೇಕಾಗಿ ವಿನಂತಿ.

ಮೊದಲ ರೀಲುಗಳು

ಇಂದಿನ ಮಕ್ಕಳು 'ರೀಲ್ಸ್' ಎನ್ನುವ ಪದ ಸಿನಿಮಾದ ರೀಲಿನಿಂದ ಬಂದದ್ದು. ಸ್ವಾರಸ್ಯವೆಂದರೆ ಆ ಸಿನಿಮಾ ಹುಟ್ಟಿದ್ದೇ ಕಿರುಚಿತ್ರವಾಗಿ. ಫ್ರಾನ್ಸಿನ ಲೂಮಿಯೇರ್ ಸಹೋದರರು 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಹಣ ಪಡೆದು ತೋರಿಸಿದ ಚಿತ್ರಗಳು ತಲಾ ಸುಮಾರು 50 ಸೆಕೆಂಡುಗಳವು. ಕಾರ್ಖಾನೆಯಿಂದ ಹೊರಬರುವ ಕೆಲಸಗಾರರು, ಮಗುವಿಗೆ ಉಣಿಸುವ ತಂದೆತಾಯಿ, ತೋಟಗಾರನಿಗೆ ನೀರು ಚಿಮ್ಮಿಸಿ ಕೀಟಲೆ ಮಾಡುವ ಹುಡುಗ ಇವೇ ವಸ್ತುಗಳು. ಏಳು ತಿಂಗಳೊಳಗಾಗಿ, 1896ರ ಜುಲೈ 7ರಂದು, ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಅಂಥ ಆರು ಚಿತ್ರಗಳ ಪ್ರದರ್ಶನ ನಡೆಯಿತು. ಭಾರತದಲ್ಲಿ ಸಿನಿಮಾ ಕಾಲಿಟ್ಟದ್ದು ಹೀಗೆ.

ಆದ್ದರಿಂದ ಚಿತ್ರ ಚಿಕ್ಕದಾಗಿರುವುದು ಹೊಸತಲ್ಲ, ಅದೊಂದೇ ಅಪಾಯಕಾರಿಯೂ ಅಲ್ಲ. ಆರು ಚಿತ್ರಗಳು ಮುಗಿದವು, ದೀಪ ಹೊತ್ತಿತು, ಜನ ಎದ್ದು ಮನೆಗೆ ಹೋದರು. ಈ ಕೊನೆಯ ವಾಕ್ಯವನ್ನು ದಯವಿಟ್ಟು ನೆನಪಿನಲ್ಲಿಡಿ.

ಸಿನಿಮಾ ಮಕ್ಕಳನ್ನು ಕೆಡಿಸುತ್ತದೆಯೇ?

ಸಿನಿಮಾ ಬೆಳೆದಂತೆ ಹಿರಿಯರ ಆತಂಕವೂ ಬೆಳೆಯಿತು. ಬ್ರಿಟಿಷ್ ಸರ್ಕಾರ 1918ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಯನ್ನು ತಂದು ಸೆನ್ಸಾರ್ ವ್ಯವಸ್ಥೆಗೆ ದಾರಿ ಮಾಡಿತು. 1927ರಲ್ಲಿ ಮದರಾಸಿನ ವಕೀಲರಾದ ದಿವಾನ್ ಬಹದ್ದೂರ್ ಟಿ. ರಂಗಾಚಾರಿಯವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚನೆಯಾಯಿತು. ಅದು ದೇಶ ಸುತ್ತಿ ನೂರಾರು ಸಾಕ್ಷಿಗಳ ಹೇಳಿಕೆ ಪಡೆದು 1928ರಲ್ಲಿ ವರದಿ ನೀಡಿತು. ಪಾಶ್ಚಾತ್ಯ ಚಿತ್ರಗಳಿಂದ ಜನರ, ವಿಶೇಷವಾಗಿ ಎಳೆಯರ, ನಡತೆ ಹಾಳಾಗುತ್ತಿದೆಯೇ ಎಂಬುದು ಅದರ ಮುಂದಿದ್ದ ಪ್ರಶ್ನೆಗಳಲ್ಲೊಂದು. ಭಯದಲ್ಲಿ ಉತ್ಪ್ರೇಕ್ಷೆ ಹೆಚ್ಚು ಎಂಬ ಅಭಿಪ್ರಾಯಕ್ಕೆ ಸಮಿತಿ ಬಂದಿತು. ದೇಶೀಯ ಚಿತ್ರೋದ್ಯಮಕ್ಕೆ ಪ್ರೋತ್ಸಾಹ ಕೊಡಬೇಕೆಂದೂ ಹೇಳಿತು.

ಸರಿಸುಮಾರು ಅದೇ ವೇಳೆಗೆ ಅಮೆರಿಕದಲ್ಲಿ ಪೇಯ್ನ್ ನಿಧಿಯ ನೆರವಿನಿಂದ ಸಿನಿಮಾ ಮತ್ತು ಎಳೆಯರ ಕುರಿತು ದೊಡ್ಡ ಅಧ್ಯಯನಮಾಲೆಯೇ ನಡೆದು, 1933ರಿಂದ ಪುಸ್ತಕಗಳಾಗಿ ಬಂದಿತು. ಅದರಲ್ಲಿ ಪಾಲ್ಗೊಂಡ ಸಮಾಜಶಾಸ್ತ್ರಜ್ಞ ಹರ್ಬರ್ಟ್ ಬ್ಲೂಮರ್ ಹೈಸ್ಕೂಲು ಮತ್ತು ಕಾಲೇಜಿನ ವಿದ್ಯಾರ್ಥಿಗಳಿಂದ 'ಸಿನಿಮಾ ಆತ್ಮಕಥೆ'ಗಳನ್ನು ಬರೆಯಿಸಿದರು. ನಟನಟಿಯರ ಉಡುಪು, ತಲೆಗೂದಲು, ನಡಿಗೆ, ಪ್ರೇಮ ನಿವೇದನೆಯ ಭಂಗಿ ಎಲ್ಲವನ್ನೂ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದುದಾಗಿ ಆ ಎಳೆಯರು ಬರೆದುಕೊಟ್ಟರು. ಮೇಲೆ ನಾನು ಹೇಳಿದ ಬಂಧುವಿನ ದೂರು ಹೀಗೆ ಒಂದು ಶತಮಾನದಷ್ಟು ಹಳೆಯದು! ಒಂದೇ ಚಿತ್ರ ಎಲ್ಲ ಮಕ್ಕಳ ಮೇಲೂ ಒಂದೇ ಪರಿಣಾಮ ಬೀರುವುದಿಲ್ಲ, ಮಗುವಿನ ವಯಸ್ಸು, ಮನೆ, ನೆರೆಹೊರೆಗಳನ್ನು ಅನುಸರಿಸಿ ಅದು ಬದಲಾಗುತ್ತದೆ ಎಂಬುದನ್ನೂ ಆ ಅಧ್ಯಯನಗಳು ತೋರಿಸಿಕೊಟ್ಟವು. ನಮ್ಮ ಬಿ.ಎಡ್. ತರಗತಿಯಲ್ಲಿ 'ವೈಯಕ್ತಿಕ ಭಿನ್ನತೆ' ಎಂದು ಕಲಿಸುತ್ತಿದ್ದುದು ಇದನ್ನೇ.

ರೇಡಿಯೋ ಕಲಿಸಿದ ಪಾಠ

ಕನ್ನಡಿಗರು ಹೆಮ್ಮೆಪಡಬೇಕಾದ ಒಂದು ಸಂಗತಿಯಿದೆ. 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ಆರಂಭಿಸಿದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಇಂಜಿನಿಯರರಲ್ಲ, ವ್ಯಾಪಾರಿಯೂ ಅಲ್ಲ. ಅವರು ಮಹಾರಾಜ ಕಾಲೇಜಿನ ಮನೋವಿಜ್ಞಾನ ಪ್ರಾಧ್ಯಾಪಕರು. ಮನಸ್ಸನ್ನು ಓದಿದವರೊಬ್ಬರು, ಜನರಿಗೆ ತಿಳಿವಳಿಕೆ ಮತ್ತು ರಂಜನೆ ಎರಡೂ ದೊರೆಯಲೆಂದು, ತಮ್ಮ ಮನೆಯಿಂದಲೇ ಪ್ರಸಾರ ಮಾಡಿದರು. ಮಾಧ್ಯಮವನ್ನು ಹಿಡಿದ ಕೈ ಯಾರದು, ಅದರ ಉದ್ದೇಶವೇನು ಎಂಬುದು ಎಷ್ಟು ಮುಖ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋಚದು.

ಮುಂದೆ 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆಗಳು ಯುವಜನರ ಅಭಿರುಚಿಯನ್ನು ಕೆಡಿಸುತ್ತಿವೆ ಎನಿಸಿತು. ರೇಡಿಯೋದಲ್ಲಿ ಅವುಗಳಿಗೆ ಕಡಿವಾಣ ಬಿದ್ದು, ಶಾಸ್ತ್ರೀಯ ಸಂಗೀತಕ್ಕೆ ಹೆಚ್ಚಿನ ಸ್ಥಾನ ದೊರೆಯಿತು. ಉದ್ದೇಶವೇನೋ ಘನವಾದುದೇ. ಆದರೆ ನಡೆದದ್ದೇನು? ಕೇಳುಗರು ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್‌ಗೆ ಹೋದರು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಮನೆಮಾತಾಯಿತು. ಕೊನೆಗೆ 1957ರಲ್ಲಿ ಸರ್ಕಾರವೇ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಬಾಗಿಲು ಹಾಕಿದರೆ ಕಿವಿ ಕಿಟಕಿಯ ಕಡೆ ತಿರುಗುತ್ತದೆ ಎಂಬುದು ಅಂದಿನ ಪಾಠ.

ಟಿ.ವಿ. ಹಳ್ಳಿಗೆ ಬಂದಾಗ

1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಒಂದು ವರ್ಷ ಕಾಲ ನಡೆದ 'ಸೈಟ್' ಎಂಬ ಉಪಗ್ರಹ ಪ್ರಯೋಗವನ್ನು ನನ್ನ ಓರಗೆಯವರು ಮರೆತಿರಲಾರರು. ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಲಾಯಿತು. ನಮ್ಮ ರಾಜ್ಯದಲ್ಲಿ ಅಂದಿನ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಆ ಪಟ್ಟಿಯಲ್ಲಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ. ಇಡೀ ಊರಿಗೆ ಒಂದೇ ಪೆಟ್ಟಿಗೆ. ಎಲ್ಲರೂ ಒಟ್ಟಾಗಿ ನೋಡುವುದು, ನೋಡಿದ್ದನ್ನು ಒಟ್ಟಾಗಿ ಚರ್ಚಿಸುವುದು, ಬಳಿಕ ಕತ್ತಲಲ್ಲಿ ನಡೆದು ಮನೆ ಸೇರುವುದು.

1987ರ ಜನವರಿಯಲ್ಲಿ ರಮಾನಂದ ಸಾಗರರ ರಾಮಾಯಣ ಆರಂಭವಾದಾಗ ನಾನು ಹೊಸ ಮೇಷ್ಟ್ರು. ಭಾನುವಾರ ಬೆಳಿಗ್ಗೆ ಬೀದಿಗಳು ಬಿಕೋ ಎನ್ನುತ್ತಿದ್ದವು. ಸೋಮವಾರ ಶಾಲೆಯ ಅಂಗಳದಲ್ಲಿ ಬಿದಿರ ಕಡ್ಡಿಯ ಬಿಲ್ಲುಬಾಣಗಳ ಯುದ್ಧ ನಡೆಯುತ್ತಿತ್ತು. ಮಕ್ಕಳು ಅನುಕರಿಸುತ್ತಿದ್ದರು, ನಿಜ. ಆದರೆ ಮುಂದಿನ ಕಂತಿಗಾಗಿ ಅವರು ಆರು ದಿನ ಕಾಯುತ್ತಿದ್ದರು. ಆ ಆರು ದಿನಗಳಲ್ಲಿ ಕಥೆ ಅವರ ಮನಸ್ಸಿನೊಳಗೆ ಬೆಳೆಯುತ್ತಿತ್ತು. "ನಾಳೆ ಏನಾದೀತು?" ಎಂಬ ಊಹೆ, ಅಜ್ಜಿಯೊಡನೆ ವಾದ, ಗೆಳೆಯನೊಡನೆ ಪಂಥ ಇವೆಲ್ಲವೂ ಆ ಬಿಡುವಿನ ಕೊಡುಗೆಗಳು.

ಕೊನೆಯಿಲ್ಲದ ಹಾಳೆ

ಇನ್ನು ನಮ್ಮ ಕಾಲಕ್ಕೆ ಬರೋಣ. 2005ರಲ್ಲಿ ಯೂಟ್ಯೂಬ್ ಹುಟ್ಟಿತು. ಅದರ ಮೊತ್ತಮೊದಲ ವಿಡಿಯೋದ ಅವಧಿ ಕೇವಲ 19 ಸೆಕೆಂಡು: ಪ್ರಾಣಿಸಂಗ್ರಹಾಲಯದಲ್ಲಿ ಆನೆಗಳ ಮುಂದೆ ನಿಂತು ಯುವಕನೊಬ್ಬ ಆಡಿದ ನಾಲ್ಕು ಮಾತು. 2006ರಲ್ಲಿ ಏಜ಼ಾ ರಾಸ್ಕಿನ್ ಎಂಬ ವಿನ್ಯಾಸಕಾರರು ಪುಟದ ಕೊನೆಯೇ ಬಾರದಂತೆ ಕೆಳಗೆ ಸರಿಸುತ್ತಲೇ ಹೋಗಬಹುದಾದ ತಂತ್ರವನ್ನು ರೂಪಿಸಿದರು. ಮುಂದೆ ಅವರೇ ಆ ಕುರಿತು ವಿಷಾದ ವ್ಯಕ್ತಪಡಿಸಿದರು. 2013ರಲ್ಲಿ ಆರು ಸೆಕೆಂಡುಗಳ 'ವೈನ್' ಬಂದು ಕೆಲವೇ ವರ್ಷಗಳಲ್ಲಿ ಮುಚ್ಚಿತು. 2016ರಲ್ಲಿ ಚೀನಾದಲ್ಲಿ 'ದೌಯಿನ್' ಆರಂಭವಾಯಿತು. ಅದರ ಹೊರದೇಶದ ರೂಪವೇ ಟಿಕ್‌ಟಾಕ್. ಅದೇ 2016ರಲ್ಲಿ ನಮ್ಮಲ್ಲಿ ಜಿಯೋ ಬಂದು ಮೊಬೈಲ್ ಡೇಟಾ ಕಾಫಿಗಿಂತ ಅಗ್ಗವಾಯಿತು. ಕಿರುವಿಡಿಯೋ ಮತ್ತು ಅಗ್ಗದ ಡೇಟಾ ಹಳ್ಳಿಹಳ್ಳಿಗಳಲ್ಲಿ ಜೊತೆಗೂಡಿದ್ದು ಹೀಗೆ.

2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟು ಮಕ್ಕಳ ಹಿತದ ಪ್ರಶ್ನೆಯನ್ನೆತ್ತಿ ಟಿಕ್‌ಟಾಕ್ ಡೌನ್‌ಲೋಡ್ ನಿಷೇಧಿಸಲು ಸೂಚಿಸಿ, ಅದೇ ತಿಂಗಳು ಆ ಆದೇಶವನ್ನು ತೆರವು ಮಾಡಿತು. 2020ರ ಜೂನ್ 29ರಂದು ಗಡಿ ಸಂಘರ್ಷದ ಹಿನ್ನೆಲೆಯಲ್ಲಿ ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್ ಕೂಡ ಹೋಯಿತು. ಎಷ್ಟೋ ತಂದೆತಾಯಂದಿರು "ಸದ್ಯ, ಪೀಡೆ ತೊಲಗಿತು" ಎಂದು ನಿಟ್ಟುಸಿರಿಟ್ಟರು. ಆದರೆ ಹತ್ತು ದಿನ ಕಳೆಯುವಷ್ಟರಲ್ಲೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಆರಂಭಿಸಿತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಅನ್ನು ಮೊದಲು ಪರೀಕ್ಷೆಗಿಟ್ಟದ್ದು ಭಾರತದಲ್ಲೇ. ಕೇಸ್ಕರರ ಕಾಲದ ಕಥೆಯೇ ಮರುಕಳಿಸಿತು: ಮುಳ್ಳು ತಿರುಗಿತು, ಕೇಳುಗ ಬದಲಾಗಲಿಲ್ಲ. ಅದೇ ವರ್ಷ ಕೊರೋನಾದಿಂದ ಶಾಲೆಗಳು ಮುಚ್ಚಿದ್ದರಿಂದ, ಮೊಬೈಲು ಮುಟ್ಟಬೇಡಿರೆಂದು ಬುದ್ಧಿ ಹೇಳುತ್ತಿದ್ದ ನಾವು ಶಿಕ್ಷಕರೇ ಪಾಠಕ್ಕೆಂದು ಅದನ್ನು ಮಕ್ಕಳ ಕೈಗಿಡಬೇಕಾಯಿತು.

ಗ್ರಾಮೀಣ ಶಾಲಾಮಕ್ಕಳ ಕುರಿತ 'ಅಸರ್' ಸಮೀಕ್ಷೆಯ 2024ರ ವರದಿಯ ಪ್ರಕಾರ 14ರಿಂದ 16 ವರ್ಷದವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ಒಂದು ವಾರದಲ್ಲಿ ಕಲಿಕೆಗೆಂದು ಅದನ್ನು ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕೆಂದು ಬಳಸಿದವರು ಶೇ. 76. ಇದು ಪಟ್ಟಣದ ಮನೆಗಳಿಗೆ ಸೀಮಿತವಾದ ಪ್ರಶ್ನೆಯಲ್ಲ.

ಹಾಗಾದರೆ ಹೊಸತೇನು?

ಪ್ರತಿ ಬಾರಿಯೂ ಹಿರಿಯರು ಹೆದರಿದರು, ಪ್ರತಿ ಬಾರಿಯೂ ಮಕ್ಕಳು ಉಳಿದುಕೊಂಡರು, ಆದ್ದರಿಂದ ಈ ಬಾರಿಯೂ ಚಿಂತೆ ಬೇಡ ಎಂದು ನಾನು ಹೇಳಹೊರಟಿರುವೆನೆಂದು ನೀವು ಎಣಿಸಿರಬಹುದು. ಹಾಗಲ್ಲ. ಇತಿಹಾಸ ಹೋಲಿಕೆಗಳನ್ನು ತೋರಿಸುವಂತೆಯೇ ವ್ಯತ್ಯಾಸಗಳನ್ನೂ ತೋರಿಸುತ್ತದೆ.

ಹಿಂದಿನ ಎಲ್ಲ ಮಾಧ್ಯಮಗಳಿಗೂ ಒಂದು ಕೊನೆ ಇತ್ತು. ಕಾದಂಬರಿಗೆ ಕಡೆಯ ಪುಟ, ಸಿನಿಮಾಕ್ಕೆ 'ಶುಭಂ', ಬಾನುಲಿಗೆ ರಾತ್ರಿಯ ಮುಕ್ತಾಯ, ಧಾರಾವಾಹಿಗೆ ಮುಂದಿನ ವಾರ. ಏಳುವುದಕ್ಕೆ ಒಂದು ನೆಪವನ್ನು ಮಾಧ್ಯಮವೇ ಕೊಡುತ್ತಿತ್ತು. ಇಂದಿನ ಕಿರುವಿಡಿಯೋದ ಪ್ರವಾಹದಲ್ಲಿ ಪ್ರತಿ ವಿಡಿಯೋ ಮುಗಿಯುತ್ತದೆ, ಆದರೆ ನೋಡುವುದು ಮುಗಿಯುವುದಿಲ್ಲ. ಎರಡನೆಯ ವ್ಯತ್ಯಾಸ ಇನ್ನೂ ಆಳವಾದುದು. ಸಿನಿಮಾ ನಮ್ಮನ್ನು ನೋಡುತ್ತಿರಲಿಲ್ಲ. ಈ ಪರದೆ ನೋಡುತ್ತದೆ. ಮಗು ಯಾವುದರ ಮೇಲೆ ಎಷ್ಟು ಹೊತ್ತು ನಿಂತಿತು, ಯಾವುದನ್ನು ಸರಿಸಿತು ಎಂಬುದನ್ನೆಲ್ಲ ಲೆಕ್ಕವಿಟ್ಟು ಮುಂದಿನದನ್ನು ಬಡಿಸುತ್ತದೆ.

ಬಿ.ಎಡ್. ಮಾಡಿದವರಿಗೆಲ್ಲ ಬಿ.ಎಫ್. ಸ್ಕಿನ್ನರ್ ಅವರ ಪಾರಿವಾಳಗಳು ನೆನಪಿರುತ್ತವೆ. ಕೊಕ್ಕಿನಿಂದ ಕುಕ್ಕಿದಾಗಲೆಲ್ಲ ಕಾಳು ಬಿದ್ದರೆ, ಕಾಳು ನಿಂತೊಡನೆ ಪಾರಿವಾಳ ಬಹುಬೇಗ ಕುಕ್ಕುವುದನ್ನು ಬಿಡುತ್ತದೆ. ಆದರೆ ಯಾವ ಕುಕ್ಕಿಗೆ ಕಾಳು ಬೀಳುವುದೆಂದು ತಿಳಿಯದಂತೆ ಮಾಡಿದರೆ ಅದು ಬಿಡದೆ ಕುಕ್ಕುತ್ತಲೇ ಇರುತ್ತದೆ. 1957ರಲ್ಲಿ ಫರ್‌ಸ್ಟರ್ ಮತ್ತು ಸ್ಕಿನ್ನರ್ ಈ ಬಗೆಯ ಪುನರ್ಬಲನ ಕ್ರಮಗಳನ್ನು ವಿವರವಾಗಿ ಪ್ರಕಟಿಸಿದರು. ಹೆಬ್ಬೆರಳಿನಿಂದ ಪರದೆಯನ್ನು ಮೇಲೆ ತಳ್ಳುವ ಮಗುವಿನ ಸ್ಥಿತಿಯೂ ಅದೇ. ಐದು ಸಪ್ಪೆ ವಿಡಿಯೋಗಳ ಬಳಿಕ ಆರನೆಯದು ನಗಿಸುತ್ತದೆ. ಆರನೆಯದು ಬರುತ್ತದೆಂಬ ಭರವಸೆಯಲ್ಲೇ ಐದನ್ನು ಸಹಿಸುತ್ತದೆ.

ಇದು ಮೇಷ್ಟ್ರ ಊಹೆಯಷ್ಟೇ ಎಂದುಕೊಳ್ಳಬೇಡಿ. ಅಮೆರಿಕದ ಕೆಂಟಕಿ ರಾಜ್ಯ ಟಿಕ್‌ಟಾಕ್ ವಿರುದ್ಧ ಹೂಡಿದ ದಾವೆಯಲ್ಲಿ ಮುಚ್ಚಿಡಬೇಕಿದ್ದ ಕೆಲವು ಭಾಗಗಳು 2024ರ ಅಕ್ಟೋಬರ್‌ನಲ್ಲಿ ಬಹಿರಂಗವಾದವು. ಸುಮಾರು 260 ವಿಡಿಯೋ ನೋಡಿದರೆ ರೂಢಿ ಬೀಳುತ್ತದೆಂದು ಕಂಪನಿಯೇ ಒಳಗೆ ಲೆಕ್ಕ ಹಾಕಿತ್ತೆಂದು ಅದರಲ್ಲಿತ್ತು. ವಿಡಿಯೋಗಳು ಎಂಟು ಸೆಕೆಂಡಿನಷ್ಟು ಚಿಕ್ಕದಿರಬಹುದಾದ್ದರಿಂದ ಇದಕ್ಕೆ 35 ನಿಮಿಷವೂ ಬೇಡ! ಹದಿಹರೆಯದವರಿಗೆಂದು ತಂದ ಸಮಯಮಿತಿಯ ಸೌಲಭ್ಯದಿಂದ ದಿನದ ಬಳಕೆ ಸುಮಾರು 108.5 ನಿಮಿಷದಿಂದ 107 ನಿಮಿಷಕ್ಕೆ ಇಳಿಯಿತು ಎಂದೂ ಇತ್ತು. ಸಂದರ್ಭ ಬಿಟ್ಟು ಮಾತುಗಳನ್ನು ಎತ್ತಿಕೊಳ್ಳಲಾಗಿದೆ ಎಂಬುದು ಕಂಪನಿಯ ಉತ್ತರ.

ಮನಸ್ಸಿಗೂ ನಡತೆಗೂ ಆಗುವುದೇನು?

ಜರ್ಮನಿಯ ಮ್ಯೂನಿಕ್ಕಿನ ಸಂಶೋಧಕರು 2023ರಲ್ಲಿ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಒಂದು ಕೆಲಸದ ನಡುವೆ ಹತ್ತು ನಿಮಿಷ ಬಿಡುವು. ಕೆಲವರು ಸುಮ್ಮನೆ ಕುಳಿತರು, ಕೆಲವರು ಟ್ವಿಟರ್ ಓದಿದರು, ಕೆಲವರು ಯೂಟ್ಯೂಬಿನ ಉದ್ದ ವಿಡಿಯೋ ನೋಡಿದರು, ಉಳಿದವರು ಟಿಕ್‌ಟಾಕ್ ನೋಡಿದರು. "ಮುಂದೆ ಇಂಥದ್ದನ್ನು ಮಾಡಬೇಕು" ಎಂದು ಮನಸ್ಸಿನಲ್ಲಿಟ್ಟುಕೊಂಡದ್ದನ್ನು ನೆನಪಿಡುವ ಶಕ್ತಿ ಗಣನೀಯವಾಗಿ ಕುಂದಿದ್ದು ಕೊನೆಯ ಗುಂಪಿನಲ್ಲಿ ಮಾತ್ರ. ಪಾಲ್ಗೊಂಡವರು ಕೇವಲ 60 ಮಂದಿ, ಅವರೂ ವಯಸ್ಕರು. ಆದ್ದರಿಂದ ಇದನ್ನೇ ಅಂತಿಮ ತೀರ್ಪೆಂದು ಭಾವಿಸಬೇಕಿಲ್ಲ. ಆದರೆ ನೀರು ತರಲೆಂದು ಅಡುಗೆಮನೆಗೆ ಹೋದ ಮಗ ಮೊಬೈಲು ನೋಡುತ್ತಾ ಬರಿಗೈಯಲ್ಲಿ ಮರಳುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ.

ನಡತೆಯ ವಿಷಯ. ಜಿ. ಸ್ಟ್ಯಾನ್ಲಿ ಹಾಲ್ 1904ರಲ್ಲೇ ಹದಿಹರೆಯವನ್ನು ಬಿರುಗಾಳಿಯ ಕಾಲವೆಂದು ವರ್ಣಿಸಿದ್ದರು. ಸಂಯಮಕ್ಕೆ ಬೇಕಾದ ಮೆದುಳಿನ ಮುಂಭಾಗ ಪೂರ್ಣವಾಗಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ ಎಂದು ಈಗ ತಿಳಿದಿದೆ. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ನಡೆಸಿದ ಪ್ರಯೋಗದಲ್ಲಿ ಹದಿಹರೆಯದವರು ಒಬ್ಬರೇ ಇದ್ದಾಗಿಗಿಂತ ಗೆಳೆಯರು ನೋಡುತ್ತಿದ್ದಾಗ ಕಾರು ಓಡಿಸುವ ಆಟದಲ್ಲಿ ಹೆಚ್ಚು ಅಪಾಯಕ್ಕೆ ಕೈಹಾಕಿದರು. ವಯಸ್ಕರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಹಿಂದೆ ನೋಡುವ ಗೆಳೆಯರು ನಾಲ್ಕು ಜನ, ಅವರು ಸಂಜೆ ಮನೆಗೆ ಹೋಗುತ್ತಿದ್ದರು. ಈಗ ನೋಡುವವರು ಜೇಬಿನಲ್ಲೇ ಇದ್ದಾರೆ, ಎಂದೂ ಹೋಗುವುದಿಲ್ಲ. ಓಡುವ ರೈಲಿನ ಬಾಗಿಲಲ್ಲಿ, ಜಲಪಾತದ ಅಂಚಿನಲ್ಲಿ ವಿಡಿಯೋ ಮಾಡಲು ಹೋಗಿ ಜೀವ ಕಳೆದುಕೊಂಡ ಎಳೆಯರ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ.

ಸೇವೆಯ ಕೊನೆಯ ವರ್ಷ ನಾನು ಕಂಡದ್ದನ್ನೂ ಹೇಳಬೇಕು. ಶಾಲೆಗಳು ಮತ್ತೆ ತೆರೆದ ಮೇಲೆ ಒಂಬತ್ತನೆಯ ತರಗತಿಯಲ್ಲಿ ಪಾಠದ ಒಂದು ಪುಟ ಓದಿಸಿ ಸಾರಾಂಶ ಕೇಳಿದರೆ, ಮೊದಲ ಎರಡು ಸಾಲು ಹೇಳಿ ತಡವರಿಸುವವರು ಹೆಚ್ಚಾಗಿದ್ದರು. ದಡ್ಡರಲ್ಲ. ಮೊಬೈಲಿನಲ್ಲಿ ನೋಡಿ ಕೃಷಿಹೊಂಡದ ಅಳತೆ ವಿವರಿಸಿದ ಹುಡುಗನೂ, ರಂಗೋಲಿಯ ಸಮಮಿತಿ ಕಲಿತ ಹುಡುಗಿಯೂ ಅವರಲ್ಲಿದ್ದರು. ತಿಳಿವಳಿಕೆ ಇತ್ತು, ಕಾರಣದಿಂದ ಪರಿಣಾಮದವರೆಗೆ ಒಂದು ಎಳೆಯನ್ನು ಹಿಡಿದು ಸಾಗುವ ತಾಳ್ಮೆ ಕಡಿಮೆಯಾಗಿತ್ತು. ಎರಡು ವರ್ಷ ಶಾಲೆ ತಪ್ಪಿದ್ದೂ ಇದಕ್ಕೆ ಕಾರಣವೇ. ಎಲ್ಲ ಭಾರವನ್ನೂ ಮೊಬೈಲಿನ ತಲೆಗೆ ಹೊರಿಸುವುದು ನ್ಯಾಯವಲ್ಲ.

ಚಿಕ್ಕದು ಕೀಳಲ್ಲ

ನಮ್ಮ ಭಾಷೆ ಕಿರಿದರಲ್ಲಿ ಹಿರಿದನ್ನು ಹೇಳುವುದರಲ್ಲಿ ಪಳಗಿದ್ದು. ಸರ್ವಜ್ಞನ ತ್ರಿಪದಿಗೆ ಮೂರೇ ಸಾಲು. ಬಸವಣ್ಣನವರ ಎಷ್ಟೋ ವಚನಗಳನ್ನು ಅರ್ಧ ನಿಮಿಷದಲ್ಲಿ ಓದಿ ಮುಗಿಸಬಹುದು. ಗಾದೆಯಂತೂ ಒಂದೇ ಉಸಿರು. ಆದರೆ ವಚನ ಓದಿದ ಮೇಲೆ ಮೌನವಿರುತ್ತದೆ. ಹಸು ಮೇಯುವುದು ಬೇಗ, ಮೆಲುಕು ಹಾಕುವುದು ನಿಧಾನ. ಮೆಲುಕಿಗೆ ಬಿಡುವೇ ಇಲ್ಲದಂತೆ ಒಂದರ ಮೇಲೊಂದು ತುತ್ತು ತುರುಕಿದರೆ ಯಾವ ಮೇವೂ ಮೈಗೆ ಹತ್ತದು. ಕಿರುವಿಡಿಯೋದ ದೋಷ ಅದು ಕಿರಿದಾಗಿರುವುದರಲ್ಲಿಲ್ಲ, ಅದರ ಬೆನ್ನಿಗೇ ಇನ್ನೊಂದು ಬಂದು ನಿಲ್ಲುವುದರಲ್ಲಿದೆ.

ಮಾಡಬೇಕಾದುದು

ಸರ್ಕಾರಗಳು ತಮ್ಮ ಕೆಲಸ ಆರಂಭಿಸಿವೆ. ಚೀನಾದಲ್ಲಿ 2021ರಿಂದ ದೌಯಿನ್ 14 ವರ್ಷದೊಳಗಿನವರಿಗೆ ದಿನಕ್ಕೆ 40 ನಿಮಿಷದ ಮಿತಿ ಇಟ್ಟಿದೆ. ಆಸ್ಟ್ರೇಲಿಯಾದಲ್ಲಿ 16 ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲವೆಂಬ ಕಾನೂನು 2025ರ ಡಿಸೆಂಬರ್ 10ರಂದು ಜಾರಿಗೆ ಬಂದಿತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದೂ, ಅವರ ವರ್ತನೆಯ ಬೆನ್ನುಹತ್ತಿ ಲೆಕ್ಕವಿಡಬಾರದೆಂದೂ ಹೇಳಿದೆ. ಇವೆಲ್ಲ ಬೇಕು. ಆದರೆ ಕೇಸ್ಕರರ ಕಥೆ ಬಲ್ಲವರು ನಿಷೇಧವೊಂದನ್ನೇ ನೆಚ್ಚಿ ಕೂರಲಾರರು.

ಮನೆಯಲ್ಲಿ ನಾವು ಮಾಡಬಹುದಾದುದು ಒಂದೇ: ಮಾಧ್ಯಮ ಕಿತ್ತುಕೊಂಡ 'ಶುಭಂ' ಅನ್ನು ಮಕ್ಕಳಿಗೆ ಹಿಂದಿರುಗಿಸುವುದು. "ಮೊಬೈಲು ಇಡು" ಎಂದು ಗದರುವುದಕ್ಕಿಂತ "ಊಟದ ಗಂಟೆಗೆ ಮುಗಿಯಬೇಕು" ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಆ ಒಪ್ಪಂದ ಅಪ್ಪ ಅಮ್ಮನಿಗೂ, ಅಜ್ಜ ಅಜ್ಜಿಗೂ ಅನ್ವಯಿಸಲಿ. ಮಲಗುವ ಕೋಣೆಗೆ ಫೋನು ಬೇಡ. ವಾರಕ್ಕೊಮ್ಮೆಯಾದರೂ ಮಗುವಿನ ಪಕ್ಕದಲ್ಲಿ ಕುಳಿತು ಅದು ನೋಡುವುದನ್ನು ನೀವೂ ನೋಡಿ, "ಇದನ್ನು ನಿನಗೆ ಯಾಕೆ ತೋರಿಸಿತು ಗೊತ್ತೇ?" ಎಂದು ಕೇಳಿ. ಸ್ಕಿನ್ನರನ ಪಾರಿವಾಳದ ಕಥೆ ಹೇಳಿ. ತನ್ನನ್ನು ಯಾರೋ ಕುಕ್ಕಿಸುತ್ತಿದ್ದಾರೆಂದು ತಿಳಿದರೆ ಹದಿನಾಲ್ಕರ ಸ್ವಾಭಿಮಾನ ತಾನಾಗಿಯೇ ಕೆರಳುತ್ತದೆ. ಆ ವಯಸ್ಸಿನವರನ್ನು ಮೂರೂವರೆ ದಶಕಗಳಿಗೂ ಹೆಚ್ಚು ಕಾಲ ಕಂಡವನ ಮಾತಿದು. ಜೊತೆಗೆ, ನಿಧಾನವಾಗಿ ಮುಗಿಯುವ ಯಾವುದಾದರೊಂದು ಕೆಲಸವನ್ನು ಮಗುವಿಗೆ ಕೊಡಿ: ಒಂದು ಕಾದಂಬರಿ, ಒಂದು ಪಾತಿ ಸೊಪ್ಪು, ಒಂದು ರಾಗ, ಚದುರಂಗದ ಒಂದು ಆಟ. ಆರಂಭ, ನಡು, ಕೊನೆ ಮೂರನ್ನೂ ಕಂಡ ಮನಸ್ಸಿಗೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯುತ್ತದೆ.

ನಿಮ್ಮ ಮನೆಗಳಲ್ಲಿ ಏನು ಫಲಿಸಿತು, ಏನು ಫಲಿಸಲಿಲ್ಲ ಎಂಬುದನ್ನು ಬಿಡುವಾದಾಗ ಬರೆದು ತಿಳಿಸಿ. ಮಕ್ಕಳೂ ಬರೆಯಲಿ, ಅವರ ವಾದವನ್ನೂ ಕೇಳೋಣ. ಎಲ್ಲರಿಗೂ ಒಳ್ಳೆಯದಾಗಲಿ.